ಅವ್ವನ ಹಣದುಬ್ಬರ ಶೇ 9

ಮೂರು ವರ್ಷದ ಕೆಳಗೆ ಒಡಹುಟ್ಟಿದವರೆಲ್ಲ ಕೂತು ಮಾತಾಡಿಕೊಂಡೆವು: ಹುತ್ರಿದುರ್ಗದ ಬುಡದಲ್ಲಿ ಒಬ್ಬಳೇ ಇರುವ ಅವ್ವನಿಗೆ ತಿಂಗಳಿಗೆ 12,000 ರೂಪಾಯಿ, ವರ್ಷಕ್ಕೆ ಶೇ 5ರ ಹೆಚ್ಚಳ. ರಿಸರ್ವ್ ಬ್ಯಾಂಕಿನ ಹಣದುಬ್ಬರದ ಗುರಿ ಶೇ 4. ಅದರ ಮೇಲೆ ಒಂದು ಸೇರಿಸಿದ್ದೇವಲ್ಲ ಎಂಬ ಹಮ್ಮು ಬೇರೆ. ಈಗ ನೋಡಿದರೆ ಅವ್ವ ತೆಂಗಿನಕಾಯಿ ಮಾರಿದ ದುಡ್ಡಲ್ಲಿ ಮಾತ್ರೆ ತರಿಸಿಕೊಳ್ಳುತ್ತಿದ್ದಾಳೆ.

ಲೆಕ್ಕ ಹಾಕೋಣ. ದಿನಸಿ, ತರಕಾರಿ ಅವಳ ಖರ್ಚಿನಲ್ಲಿ ನೂರಕ್ಕೆ 40 ಪಾಲು. ಏರಿಕೆ ವರ್ಷಕ್ಕೆ ಸರಾಸರಿ ಶೇ 5, ಅಂದರೆ ಅಲ್ಲಿಂದ 2 ಅಂಶ. ಬಿಪಿ, ಸಕ್ಕರೆ ಮಾತ್ರೆ, ಕುಣಿಗಲ್ಲಿನ ಡಾಕ್ಟರು, ಹೋಗಿಬರುವ ಆಟೊ ಸೇರಿ 25 ಪಾಲು, ಏರಿಕೆ ಶೇ 12, ಅಲ್ಲಿಂದ 3. ಮನೆಗೆಲಸಕ್ಕೆ ಬರುವವಳ ಕೂಲಿ ಇನ್ನೊಂದು 25 ಪಾಲು, ಏರಿಕೆ ಶೇ 14; ಅಲ್ಲಿಂದ ಮೂರೂವರೆ. ಉಳಿದ 10 ಪಾಲು ಹಾಲು, ಗ್ಯಾಸು, ರೀಚಾರ್ಜು, ಶೇ 5ರಂತೆ ಅರ್ಧ. ಕೂಡಿದರೆ 9. (ಗೃಹಜ್ಯೋತಿ ಯೋಜನೆಯಿಂದ ಕರೆಂಟು ಬಿಲ್ಲು ಸೊನ್ನೆ, ಇಲ್ಲದಿದ್ದರೆ ಇನ್ನೂ ಕಷ್ಟವಿತ್ತು.) 2012ರ ಆಧಾರದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆರೋಗ್ಯದ ತೂಕ ಶೇ 5.89. ಅವ್ವನ ಪಾಲು ಅದರ ನಾಲ್ಕು ಪಟ್ಟು. ಮೂರು ಸಲ ಶೇ 5 ಏರಿಸಿದರೆ 12,000 ಆಗುವುದು 13,892. ಶೇ 9 ಏರಿಸಿದರೆ 15,540. ತಿಂಗಳಿಗೆ 1,648 ರೂಪಾಯಿ ಖೋತಾ.

ಇಷ್ಟನ್ನು ಕಂಡುಹಿಡಿಯಲು ಅಕ್ಕನ ಮಗ ಮೊದಲು ಅವ್ವನ ಫೋನಿಗೆ ಖರ್ಚಿನ ಲೆಕ್ಕದ ಆ್ಯಪ್ ಹಾಕಿಕೊಟ್ಟಿದ್ದ. ಅದಕ್ಕೆ ಎಸ್ಸೆಮ್ಮೆಸ್ ಓದಬೇಕು, ಸಂಪರ್ಕ ಪಟ್ಟಿ ಬೇಕು, ಲೊಕೇಶನ್ ಬೇಕು. ಖರ್ಚಿನ ಲೆಕ್ಕಕ್ಕೆ ಅವ್ವನ ಅಡ್ರೆಸ್ ಏಕೆ? ಎಸ್ಸೆಮ್ಮೆಸ್ಸಿನಲ್ಲಿ ಖಾತೆಯ ಬಾಕಿ ಇರುತ್ತದೆ, ಒಟಿಪಿ ಇರುತ್ತದೆ, ಆಸ್ಪತ್ರೆಯ ಅಪಾಯಿಂಟ್‌ಮೆಂಟೂ ಇರುತ್ತದೆ. ಇಷ್ಟೆಲ್ಲ ಕೊಟ್ಟ ಮೇಲೆ ಅದು ಹೇಳಿದ ಹಣದುಬ್ಬರ ಶೇ 2! ಕೂಲಿ, ತರಕಾರಿ, ಮಾತ್ರೆ ಎಲ್ಲ ನಗದು. ಅದಕ್ಕೆ ಕಂಡದ್ದು ರೀಚಾರ್ಜು, ಗ್ಯಾಸು ಮಾತ್ರ. ಆಮೇಲೆ ಅವ್ವನಿಗೆ ಪರ್ಸನಲ್ ಲೋನ್ ಬೇಕೇ ಎಂದು ಫೋನು ಶುರುವಾಯಿತು. ಎರಡಕ್ಕೂ ನಂಟಿದೆ ಎಂದು ಸಾಬೀತು ಮಾಡಲಾರೆ. ಆದರೆ ಪುಕ್ಕಟೆ ಆ್ಯಪ್ ಕೊಟ್ಟವನ ಹೊಟ್ಟೆ ತುಂಬುವುದು ಎಲ್ಲಿಂದ ಎಂದು ಕೇಳದೆ ಇರಲಾರೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ಮೇಲೆ ಹಾಕಿದ ಅರ್ಜಿಯಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಂದು ಉದಾಹರಣೆಯನ್ನೇ ಕೊಡುತ್ತದೆ: ಫೋನಿನಲ್ಲೇ ವೈದ್ಯರ ಸಲಹೆ ಕೊಡಿಸುವ ಆ್ಯಪ್ ಸಂಪರ್ಕ ಪಟ್ಟಿಗೂ ಒಪ್ಪಿಗೆ ಕೇಳಿದರೆ, ಒಪ್ಪಿದರೂ ಆ ಒಪ್ಪಿಗೆ ಚಿಕಿತ್ಸೆಯ ಮಟ್ಟಿಗೆ ಮಾತ್ರ. ಚೆನ್ನಾಗಿದೆ. ಆದರೆ ‘ಅಲೌ’ ಒತ್ತುವ ಬೆರಳು ನಮ್ಮದೇ ತಾನೆ? ಅಷ್ಟಕ್ಕೂ ಲೆಕ್ಕಕ್ಕೆ ಬೇಕಾದದ್ದು ನಗದು ಕೊಟ್ಟ ಕೂಡಲೇ ಬರೆಯುವ ರೂಢಿ. ಅದಿಲ್ಲದವರ ಮನೆಯಲ್ಲಿ ಹತ್ತು ಆ್ಯಪ್ ಇದ್ದರೂ ದಂಡ. ಸಂಬಳ ಬಂದ ದಿನ ಹೂಡಿಕೆಯ ಪಾಠ ಹೇಳುವವರು ಸೊಪ್ಪಿನವಳಿಗೆ ಕೊಟ್ಟ ಇಪ್ಪತ್ತು ರೂಪಾಯಿ ಬರೆಯಲು ನಾಚುತ್ತಾರೆ.

ಆ್ಯಪ್ ತೆಗೆಸಿದೆ. ಶೇ 9 ಗೊತ್ತಾದದ್ದು ಅವ್ವ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಿಂದ ಮತ್ತು ಡಬ್ಬಿಯಲ್ಲಿ ಮಡಚಿಟ್ಟಿದ್ದ ಮೆಡಿಕಲ್ ಬಿಲ್ಲುಗಳಿಂದ. ಇನ್ನು ಮೇಲೆ ಔಷಧಿ ಶೇಕಡಾವಾರಿನ ಹೊರಗಿರಲಿ, ಬಿಲ್ಲು ಬಂದಂತೆ ಕೊಡೋಣ, ಉಳಿದದ್ದಕ್ಕೆ ಶೇ 8 ಏರಿಸೋಣ ಎಂದಿದ್ದೇನೆ. ತಮ್ಮ ಏಳಕ್ಕೆ ನಿಂತಿದ್ದಾನೆ.