ಕಾಣದ ಮಳೆ

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ಅಂತಿಮ ಬಿ.ಎ. ತರಗತಿಯವನು. ಅಂಥವನು ಮೂಲಕಣಗಳ ವಿಷಯವಾಗಿ ಬರೆಯಹೊರಟರೆ ಗುರುಗಳು ನಕ್ಕಾರೆಂಬ ಅಳುಕು ನನಗಿಲ್ಲದಿಲ್ಲ. ಪ್ರೌಢಶಾಲೆಯಲ್ಲಿ ಗಣಿತದ ಪರೀಕ್ಷೆಯನ್ನು ಹೇಗೋ ದಾಟಿದ ದಿನವೇ, ‘ಈ ವಿದ್ಯೆ ನಮ್ಮಂಥವರಿಗಲ್ಲ’ ಎಂದು ಆ ಬಾಗಿಲನ್ನು ನಾನೇ ಮುಚ್ಚಿಕೊಂಡಿದ್ದೆ. ಅದು ಮತ್ತೆ ತೆರೆದುದು ಕೋಲಾರದ ಚಿನ್ನದ ಗಣಿಗಳ ಇತಿಹಾಸವನ್ನು ಕುರಿತು ಪ್ರಬಂಧವೊಂದನ್ನು ಸಿದ್ಧಪಡಿಸುವಾಗ. ಆ ಗಣಿಗಳಲ್ಲಿ ಆಕಾಶದ ಕಣಗಳನ್ನೂ ಹುಡುಕಿದರೆಂದು ಓದಿ ಬೆರಗಾದೆ. ಆಕಾಶದ್ದನ್ನು ಕಾಣಲು ಪಾತಾಳಕ್ಕೆ ಇಳಿಯುವುದೆ?

ಮೊದಲು ಕಣಗಳೆಂದರೇನೆಂಬುದನ್ನು ನೋಡೋಣ. ನಾವು ಮುಟ್ಟುವ ವಸ್ತುಗಳೆಲ್ಲ ಪರಮಾಣುಗಳಿಂದಾದುವು. ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಎಂಬ ಬೀಜ, ಸುತ್ತಲೂ ಎಲೆಕ್ಟ್ರಾನುಗಳು. ಬೀಜದಲ್ಲಿ ಪ್ರೋಟಾನು, ನ್ಯೂಟ್ರಾನುಗಳಿವೆ. ಕಾಫಿಹಣ್ಣಿನೊಳಗೆ ಎರಡು ಬೀಜಗಳಿರುವಂತೆ, ಇವುಗಳ ಒಳಗೂ ಮೂರು ಮೂರು ಕ್ವಾರ್ಕುಗಳಿವೆ. ಈ ಕಲ್ಪನೆಯನ್ನು 1964ರಲ್ಲಿ ಗೆಲ್‌ಮನ್ ಮತ್ತು ಜ್ವೈಗ್ ಬೇರೆಬೇರೆಯಾಗಿ ಮುಂದಿಟ್ಟರು. ಆದರೆ ಹಣ್ಣು ಹಿಚುಕಿ ಬೀಜ ತೆಗೆದಂತೆ ಕ್ವಾರ್ಕನ್ನು ಒಂಟಿಯಾಗಿ ಹೊರತೆಗೆಯಲಾಗದು. ಎಲೆಕ್ಟ್ರಾನನ್ನಂತೂ ಯಾರೂ ಇನ್ನೂ ಒಡೆದಿಲ್ಲ. ಅದರ ಬಂಧುಗಳಲ್ಲಿ ಇಬ್ಬರು ನಮ್ಮ ಕಥೆಗೆ ಬೇಕು. ಒಂದು, ಅದಕ್ಕಿಂತ ಸುಮಾರು 207 ಪಟ್ಟು ಭಾರವಾದ ಮ್ಯೂಆನ್. ಇನ್ನೊಂದು ನ್ಯೂಟ್ರಿನೊ, ವಿದ್ಯುದಂಶವಿಲ್ಲದ, ಅತಿ ಹಗುರವಾದ, ಇಡೀ ಭೂಮಿಯನ್ನೇ ತೂರಿಹೋಗಬಲ್ಲ ಕಣ.

ಹೊರ ಆಕಾಶದಿಂದ ಬರುವ ಪ್ರೋಟಾನುಗಳು ವಾಯುಮಂಡಲದ ಮೇಲ್ಭಾಗದಲ್ಲಿ ಗಾಳಿಯ ಪರಮಾಣುಗಳಿಗೆ ಬಡಿದಾಗ, ಆ ಘರ್ಷಣೆಯ ಫಲವಾಗಿ ಮ್ಯೂಆನ್, ನ್ಯೂಟ್ರಿನೊಗಳು ಹುಟ್ಟಿ ಕೆಳಗೆ ಸುರಿಯುತ್ತವೆ. ಅಂಗೈ ಚಾಚಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮ್ಯೂಆನ್ ಅದನ್ನು ಹಾದುಹೋಗುತ್ತದೆ! ನಮ್ಮ ಸಕಲೇಶಪುರದ ಕಡೆ ಆಷಾಢದಲ್ಲಿ ಜಡಿಮಳೆ ಹಿಡಿದರೆ, ಹೆಂಚಿನ ಮೇಲಿನ ಸದ್ದಿಗೆ ಪಕ್ಕದವರ ಮಾತೂ ಕೇಳಿಸದು. ಹಾಗೆಯೇ ಮ್ಯೂಆನುಗಳ ಮಳೆಯಲ್ಲಿ ನ್ಯೂಟ್ರಿನೊವಿನ ಪಿಸುಮಾತು ಅಡಗಿಹೋಗುತ್ತದೆ. ಈ ಮಳೆಗೆ ಬಂಡೆಯೇ ಕೊಡೆ. ಪಾತಾಳಕ್ಕೆ ಇಳಿದುದರ ಗುಟ್ಟು ಇದು.

ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯಿಂದ ಬಂದು, ಆಳ ಹೆಚ್ಚಿದಂತೆ ಮ್ಯೂಆನುಗಳು ಹೇಗೆ ಕಡಿಮೆಯಾಗುವುವೆಂದು 1951ರಿಂದ ಕೋಲಾರದ ಗಣಿಗಳಲ್ಲಿ ಅಳೆಯತೊಡಗಿದರು. ಮುಂದೆ ಅತ್ಯಂತ ಆಳದಲ್ಲಿ ಎರಡು ತಿಂಗಳು ಕಾದರೂ ಒಂದು ಮ್ಯೂಆನೂ ಬರಲಿಲ್ಲ. ಬರಿಗೈಯೇ ಲಾಭವಾಯಿತು! ನ್ಯೂಟ್ರಿನೊವನ್ನು ಆಲಿಸಲು ಬೇಕಾದ ನಿಶ್ಶಬ್ದ ಅಲ್ಲಿತ್ತು. 1965ರಲ್ಲಿ ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾನಿಲಯಗಳವರೊಡನೆ ಸೇರಿ, ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರು ಆಳದಲ್ಲಿ ಉಪಕರಣಗಳನ್ನಿಟ್ಟು ಕಾದರು. ಅವರು ಎದುರುನೋಡಿದುದು ಅಡ್ಡಡ್ಡವಾಗಿ ಬರುವ ಮ್ಯೂಆನುಗಳನ್ನು. ಆ ದಿಕ್ಕಿನಲ್ಲಿ ಬಂಡೆಯ ದಪ್ಪ ಎಷ್ಟೋ ಪಟ್ಟು ಹೆಚ್ಚು. ಆಕಾಶದ ಮ್ಯೂಆನು ಅದನ್ನು ದಾಟಲಾರದು. ಆದುದರಿಂದ ಹಾಗೆ ಬಂದುದು, ಹತ್ತಿರದ ಬಂಡೆಗೆ ನ್ಯೂಟ್ರಿನೊ ಬಡಿದು ಹುಟ್ಟಿದುದೇ ಆಗಿರಬೇಕು. ಅಂಥವು ದೊರೆತುವು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಜಗತ್ತಿಗೆ ಮೊದಲು ಸಿಕ್ಕಿದುದು ಆ ವರ್ಷ, ಕೋಲಾರದಲ್ಲಿ ಮತ್ತು ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿ.

ನನ್ನ ತಂದೆ ಆಲೂರಿನ ಕಡೆಯ ಕಾಫಿತೋಟವೊಂದರಲ್ಲಿ ಕೂಲಿ, ಅಕ್ಷರ ಕಲಿತವರಲ್ಲ. ಒಂದು ಸಂಜೆ ಇದನ್ನೆಲ್ಲ ಅವರಿಗೆ ವಿವರಿಸಿದೆ. ಸುಮ್ಮನೆ ಕೇಳಿ, ಕಡೆಗೆ ಒಂದೇ ಪ್ರಶ್ನೆ ಹಾಕಿದರು: “ಅಷ್ಟು ಆಳ ತೋಡಿದವರು ಯಾರಪ್ಪ?” ನಾನು ತಬ್ಬಿಬ್ಬಾದೆ. ತಲೆಮಾರುಗಳ ಕಾಲ ಸಾವಿರಾರು ಕೂಲಿಕಾರರು ಬಂಡೆ ಸಿಡಿದು ಸತ್ತೂ, ಕಲ್ಲಿನ ಧೂಳು ಕುಡಿದು ಎದೆರೋಗಕ್ಕೆ ತುತ್ತಾಗಿಯೂ ತೋಡಿದ ಬಾವಿಯದು. 2001ರಲ್ಲಿ ಗಣಿ ಮುಚ್ಚಿತು. ನನ್ನ ಪ್ರಬಂಧದಲ್ಲಿ ಅವರ ವಿಷಯವಾಗಿ ಒಂದು ವಾಕ್ಯವೂ ಇರಲಿಲ್ಲ. ಆ ರಾತ್ರಿಯೇ ಕುಳಿತು ಎರಡು ಪುಟ ಸೇರಿಸಿದೆ.

ವಿಜ್ಞಾನಿಗಳಿಗೆ ಆ ದಾರಿಯನ್ನು ಮಾಡಿಕೊಟ್ಟವರು ನಮ್ಮಂಥವರೇ ಆಗಿರುವಾಗ, ಈ ವಿದ್ಯೆ ನಮ್ಮಂಥವರಿಗಲ್ಲ ಎಂದು ಇನ್ನು ನಾನು ಹೇಳಲಾರೆ.