ಸರಾಸರಿ ಸೊನ್ನೆ ಬಂದರೂ ಯಂತ್ರ ತಪ್ಪಿತ್ತು

ದ್ವಿತೀಯ ಪಿಯುಸಿ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಗುಣಮಟ್ಟ ನಿಯಂತ್ರಣದ ಪಾಠ ನಡೆಯುವಾಗ ಒಬ್ಬ ವಿದ್ಯಾರ್ಥಿ, "ಸರ್, ಸರಾಸರಿ ಗೊತ್ತಾದ ಮೇಲೆ ಮಾನಕ ವಿಚಲನೆ ಯಾಕೆ ಬೇಕು?" ಎಂದು ಕೇಳಿದ. ಅಷ್ಟರಲ್ಲಿ ಬೆಲ್ ಹೊಡೆಯಿತು. ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನದೇ ಒಂದು ತಪ್ಪೂ ಇದೆ.

ಪಾಠ ಹೇಳಲು ಬರುವ ಮೊದಲು ನಾನು ಟಿನ್ ಫ್ಯಾಕ್ಟರಿ ಹತ್ತಿರದ ಒಳರಸ್ತೆಯೊಂದರ ಸಣ್ಣ ಘಟಕದಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಸರ್ಕ್ಯೂಟ್ ಬೋರ್ಡಿನ ಮೇಲೆ ಬಿಡಿಭಾಗ ಕೂರಿಸುವ 'ಪಿಕ್ ಅಂಡ್ ಪ್ಲೇಸ್' ಯಂತ್ರವಿತ್ತು. ಅದರ ನಾಝಲ್ ಭಾಗವನ್ನು ಗಾಳಿಯ ಎಳೆತದಿಂದ ಎತ್ತುತ್ತದೆ. ಕ್ಯಾಮೆರಾ ಕೆಳಗಿನಿಂದ ನೋಡಿ ಭಾಗದ ಕೇಂದ್ರ ಎಲ್ಲಿದೆ ಎಂದು ಗುರುತಿಸುತ್ತದೆ. ಆಮೇಲೆ ನಾಝಲ್ ಬೇಕಾದ ಕೋನಕ್ಕೆ ತಿರುಗಿ ಭಾಗವನ್ನು ಬೋರ್ಡಿನ ಮೇಲೆ ಇಡುತ್ತದೆ. ಕೆಲವು ರೆಸಿಸ್ಟರ್‌ಗಳು 0.6 ಮಿ.ಮೀ. ಉದ್ದ, 0.3 ಮಿ.ಮೀ. ಅಗಲ ಅಷ್ಟೇ. ಸೀನಿದರೆ ಹಾರಿಹೋಗುತ್ತವೆ. ನಮ್ಮ ಕೆಲಸಕ್ಕೆ ಇಟ್ಟುಕೊಂಡಿದ್ದ ಮಿತಿ ಎರಡೂ ಬದಿಗೆ 100 ಮೈಕ್ರಾನ್, ಅಂದರೆ 0.1 ಮಿ.ಮೀ.

ಒಮ್ಮೆ ಒಂದು ಲಾಟ್ ಪೂರ್ತಿ ವಾಪಸ್ ಬಂತು. ನಾನು ಹತ್ತು ಬೋರ್ಡ್ ತೆಗೆದು ಮೈಕ್ರೋಸ್ಕೋಪಿನಡಿ ಅಳೆದೆ. ವಿಚಲನೆಗಳ ಸರಾಸರಿ ಸೊನ್ನೆಯ ಹತ್ತಿರ ಬಂತು. "ಯಂತ್ರ ಸರಿಯಿದೆ" ಎಂದು ವರದಿ ಬರೆದೆ. ಯಂತ್ರ ಸರಿಯಿದ್ದರೆ ತಪ್ಪು ನಡೆಸುವವರದ್ದು ಎಂದಾಯಿತು. ಆ ಶಿಫ್ಟಿನಲ್ಲಿದ್ದ ಹುಡುಗಿಯನ್ನು ಪ್ಯಾಕಿಂಗಿಗೆ ಹಾಕಿದರು. "ಸರ್, ನಾನು ಫೀಡರ್ ಸರಿಯಾಗೇ ಹಾಕಿದ್ದೆ" ಎಂದು ಅವಳು ಹೇಳಿದ್ದನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಪಕ್ಕದ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಇದೆಯಲ್ಲ, ಅಲ್ಲಿಂದ ನಿವೃತ್ತರಾದ ಹಿರಿಯರೊಬ್ಬರು ವಾರಕ್ಕೆರಡು ದಿನ ನಮ್ಮಲ್ಲಿಗೆ ಬರುತ್ತಿದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದೆವು. ನನ್ನ ವರದಿ ಓದಿ, "ಸರಾಸರಿ ತೆಗೆದ್ರಿ. ಎಷ್ಟು ಹರಡಿದೆ ಅಂತ ನೋಡಿದ್ರಾ? ಅಳೆದಿದ್ದು ಬೆಸುಗೆ ಆದ್ಮೇಲೋ, ಮುಂಚೆನೋ?" ಎಂದರು. ಬೆಸುಗೆ ಆದ ಮೇಲೆ ಅಳೆದಿದ್ದೆ. ಕರಗಿದ ಬೆಸುಗೆ ಲೋಹ ತನ್ನ ಮೇಲ್ಮೈ ಎಳೆತದಿಂದ ಭಾಗವನ್ನು ಪ್ಯಾಡಿನ ಮಧ್ಯಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಯಂತ್ರ ಮಾಡಿದ ತಪ್ಪು ಎಷ್ಟೋ ಮುಚ್ಚಿಹೋಗಿರುತ್ತದೆ.

ಖಾಲಿ ಬೋರ್ಡಿಗೆ ಎರಡೂ ಬದಿ ಅಂಟುವ ಟೇಪ್ ಹಚ್ಚಿ ಮತ್ತೆ ಶುರು ಮಾಡಿದೆವು. ಮೊದಲು ಒಂದೇ ಭಾಗವನ್ನು ಹತ್ತು ಸಲ ಅಳೆಸಿದರು, ನನ್ನ ಕೈ ಎಷ್ಟು ನಂಬಬಹುದು ಎಂದು ನೋಡಲು! ಆಮೇಲೆ ಒಂದೇ ನಾಝಲ್‌ನಿಂದ 50 ಭಾಗ 0 ಡಿಗ್ರಿಯಲ್ಲಿ, 50 ಭಾಗ 180 ಡಿಗ್ರಿಯಲ್ಲಿ. ಲೆಕ್ಕಕ್ಕೆ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿ ಕೊಡುತ್ತೇನೆ. 0 ಡಿಗ್ರಿಯವು ಸರಾಸರಿ 60 ಮೈಕ್ರಾನ್ ಬಲಕ್ಕೆ, 180 ಡಿಗ್ರಿಯವು 60 ಮೈಕ್ರಾನ್ ಎಡಕ್ಕೆ ಕೂತಿದ್ದವು. ಪ್ರತಿ ಗುಂಪಿನ ಮಾನಕ ವಿಚಲನೆ 20. ನೂರನ್ನೂ ಸೇರಿಸಿದರೆ ಸರಾಸರಿ ಸೊನ್ನೆಯೇ, ಆದರೆ ಮಾನಕ ವಿಚಲನೆ 60ರ ವರ್ಗ ಮತ್ತು 20ರ ವರ್ಗದ ಮೊತ್ತದ ವರ್ಗಮೂಲ, ಸುಮಾರು 63. ಅದನ್ನೊಂದು ತೆಗೆದಿದ್ದರೆ ಅಂದೇ ನನಗೆ ಅನುಮಾನ ಬರಬೇಕಿತ್ತು.

ಕಾರಣ ಇಷ್ಟೇ: ಕ್ಯಾಮೆರಾ ಭಾಗದ ಕೇಂದ್ರವನ್ನು ಪಕ್ಕಕ್ಕೆ ಓದುತ್ತಿತ್ತು. ನಾಝಲ್ ಅರ್ಧ ಸುತ್ತು ತಿರುಗಿದಾಗ ಆ ತಪ್ಪೂ ಜೊತೆಗೇ ತಿರುಗಿ ಇನ್ನೊಂದು ಬದಿಗೆ ಹೋಗುತ್ತಿತ್ತು.

ಈಗ ಎರಡು ಸೂಚ್ಯಂಕ. ಮಿತಿಯ ಪೂರ್ತಿ ಅಗಲವನ್ನು ಮಾನಕ ವಿಚಲನೆಯ ಆರು ಪಟ್ಟಿನಿಂದ ಭಾಗಿಸಿದರೆ ಸಿಪಿ: 200 ಭಾಗಿಸು 120, ಅಂದರೆ 1.67. ಸರಾಸರಿಯಿಂದ ಹತ್ತಿರದ ಮಿತಿಗಿರುವ ದೂರವನ್ನು ಮೂರು ಪಟ್ಟಿನಿಂದ ಭಾಗಿಸಿದರೆ ಸಿಪಿಕೆ: 40 ಭಾಗಿಸು 60, ಅಂದರೆ 0.67. ಯಂತ್ರಕ್ಕೆ ಎಷ್ಟು ಸಾಮರ್ಥ್ಯವಿದೆ ಎಂದು ಸಿಪಿ ಹೇಳಿದರೆ, ಈಗ ಎಷ್ಟು ಮಾಡುತ್ತಿದೆ ಎಂದು ಸಿಪಿಕೆ ಹೇಳುತ್ತದೆ. ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಕೇಳುವುದು ಕನಿಷ್ಠ 1.33. ನಮ್ಮ 0.67ಕ್ಕೆ, ಪ್ರಸಾಮಾನ್ಯ ವಿತರಣೆಯ ಕೋಷ್ಟಕದ ಪ್ರಕಾರ, 1000 ಭಾಗಗಳಲ್ಲಿ ಸುಮಾರು 23 ಮಿತಿ ದಾಟುತ್ತವೆ. ಒಂದು ಬೋರ್ಡಿನಲ್ಲಿ ನೂರಾರು ಭಾಗಗಳಿರುವಾಗ ಲಾಟ್ ವಾಪಸ್ ಬಂದದ್ದರಲ್ಲಿ ಆಶ್ಚರ್ಯವೇನು?

ಯಂತ್ರ ತಯಾರಕರಿಗೂ ಇಂಥದ್ದೇ ಪರೀಕ್ಷೆ ಇದೆ. 2002ರಲ್ಲಿ ಬಂದ ಐಪಿಸಿ-9850 ಎಂಬ ಮಾನದಂಡದಲ್ಲಿ ಗಾಜಿನ ಭಾಗಗಳನ್ನು ಗಾಜಿನ ಫಲಕದ ಮೇಲೆ ಬೇರೆ ಬೇರೆ ಕೋನಗಳಲ್ಲಿ ಕೂರಿಸಿ ಅಳೆಯುತ್ತಾರೆ. ನಮ್ಮ ಟೇಪು ಅದರ ಬಡ ನೆಂಟ.

ಕ್ಯಾಮೆರಾದ ಕ್ಯಾಲಿಬ್ರೇಶನ್ ಮತ್ತೆ ಮಾಡಿಸಿದೆವು. ಎರಡೂ ಗುಂಪಿನ ಸರಾಸರಿ ಸೊನ್ನೆಗೆ ಬಂದು ಸಿಪಿಕೆ 1.67 ಆಯಿತು. ಹತ್ತು ಲಕ್ಷಕ್ಕೆ ಒಂದು ಭಾಗವೂ ಮಿತಿ ದಾಟದ ಲೆಕ್ಕ ಅದು. ಹಳೆಯ ವರದಿ ತಪ್ಪೆಂದು ನಾನು ಸಹಿ ಹಾಕಿ ಕೊಟ್ಟೆ. ಪ್ಯಾಕಿಂಗ್ ವಿಭಾಗಕ್ಕೆ ಹೋಗಿ ಆ ಹುಡುಗಿಯ ಕ್ಷಮೆ ಕೇಳಿದೆ. ಅವಳು ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಯಂತ್ರಕ್ಕೆ ವಾಪಸಾಗಿ, ಮೊದಲ ಬೋರ್ಡ್ ಹೊರಬಂದ ಕೂಡಲೇ ನನ್ನ ಮೇಜಿನ ಮೇಲಿಟ್ಟು, "ಅಳೀರಿ ಸರ್" ಎಂದಳು.