ಸಸ್ಯವು ಬೆಳಕನ್ನು ಅರಿಯುವ ಬಗೆ

ಸಸ್ಯಕ್ಕೆ ಬೆಳಕು ಎರಡು ಕಾರಣಗಳಿಗಾಗಿ ಬೇಕು. ಎಲೆಯ ಹಸಿರು ಸೂರ್ಯಶಕ್ತಿಯನ್ನು ಹೀರಿ ಆಹಾರ ತಯಾರಿಸುತ್ತದೆಂಬುದು ಎಲ್ಲರೂ ಶಾಲೆಯಲ್ಲಿ ಓದಿದ ಸಂಗತಿ. ಎರಡನೆಯ ಕಾರಣ ಅಷ್ಟು ಪರಿಚಿತವಲ್ಲ. ಬೆಳಕು ಸಸ್ಯಕ್ಕೆ ಸುದ್ದಿಯನ್ನೂ ತರುತ್ತದೆ. ಯಾವಾಗ ಮೊಳೆಯಬೇಕು, ಯಾವ ಕಡೆಗೆ ಬಾಗಬೇಕು, ಯಾವಾಗ ಹೂ ಬಿಡಬೇಕು ಎಂಬುದನ್ನು ಸಸ್ಯವು ಬಹುಮಟ್ಟಿಗೆ ಈ ಸುದ್ದಿಯಿಂದ ತಿಳಿಯುತ್ತದೆ.

ನವರಾತ್ರಿಯಲ್ಲಿ ಘಟಸ್ಥಾಪನೆ ಮಾಡಿ ಮಣ್ಣಿನಲ್ಲಿ ಧಾನ್ಯ ಬಿತ್ತುವ ರೂಢಿ ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿಯೂ ಇದೆ. ಮಹಾಪೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದ ಕನ್ನಡಿಗರು ಇದನ್ನು ನೋಡಿಯೇ ಇರುತ್ತಾರೆ. ದೇವರ ಕೋಣೆಯ ಮಬ್ಬಿನಲ್ಲಿ ಎದ್ದ ಆ ಸಸಿಗಳು ಹಳದಿಯಾಗಿ, ಸಪೂರವಾಗಿ, ಉದ್ದುದ್ದವಾಗಿ ಇರುತ್ತವೆ. ಅದೇ ಧಾನ್ಯ ಹೊಲದಲ್ಲಿ ಗಿಡ್ಡಗೆ, ಹಸಿರಾಗಿ ಬೆಳೆಯುತ್ತದೆ. ಕತ್ತಲಲ್ಲಿರುವ ಮೊಳಕೆಯು ನೆಲದೊಳಗೇ ಇರುವಂತೆ ವರ್ತಿಸಿ, ಬೀಜದ ದಾಸ್ತಾನನ್ನು ಮೇಲೇರುವುದಕ್ಕೇ ವ್ಯಯಿಸುತ್ತದೆ. ಬೆಳಕು ಸೋಕಿದರೆ ಕಾಂಡದ ಓಟ ತಗ್ಗಿ, ಎಲೆ ಬಿಚ್ಚಿ, ಹಸಿರೇರುತ್ತದೆ.

ಕಿಟಕಿಯ ಬಳಿಯಿಟ್ಟ ಸಸಿ ಕಿಟಕಿಯತ್ತ ಬಾಗುವುದೂ ಇಂತಹುದೇ ಕ್ರಿಯೆ. ಹುಲ್ಲಿನ ಮೊಳಕೆಯ ತುದಿ ಬೆಳಕನ್ನು ಗ್ರಹಿಸುತ್ತದೆ, ಬಾಗುವುದು ಮಾತ್ರ ಅದರ ಕೆಳಭಾಗ ಎಂದು ಚಾರ್ಲ್ಸ್ ಡಾರ್ವಿನ್ 1880ರಲ್ಲಿ ತೋರಿಸಿದನು. ನೀಲಿ ಬೆಳಕನ್ನು ಗುರುತಿಸುವ ಫೋಟೋಟ್ರೋಪಿನ್ ಎಂಬ ಪ್ರೋಟೀನು ಇದಕ್ಕೆ ಕಾರಣ. ಆಕ್ಸಿನ್ ಎಂಬ ಹಾರ್ಮೋನು ನೆರಳಿನ ಬದಿಯಲ್ಲಿ ಹೆಚ್ಚಾಗಿ, ಆ ಬದಿಯ ಕೋಶಗಳು ಹೆಚ್ಚು ಉದ್ದವಾಗುತ್ತವೆ.

ಕೆಂಪು ಬೆಳಕಿನ ಕಥೆ ಇನ್ನೂ ಸ್ವಾರಸ್ಯಕರ. ಅಮೆರಿಕದ ಬೆಲ್ಟ್ಸ್‌ವಿಲ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು 1952ರಲ್ಲಿ ಲೆಟ್ಯೂಸ್ ಸೊಪ್ಪಿನ ಬೀಜಗಳ ಮೇಲೆ ಪ್ರಯೋಗ ನಡೆಸಿದರು. ಸುಮಾರು 660 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು ಬಿದ್ದರೆ ಬೀಜ ಮೊಳೆಯಿತು. ಒಡನೆಯೇ, ನಮ್ಮ ಕಣ್ಣಿಗೆ ಹೆಚ್ಚುಕಡಮೆ ಕಾಣದ 730 ನ್ಯಾನೋಮೀಟರ್ ಆಸುಪಾಸಿನ ಕಡುಗೆಂಪು ಬೆಳಕು ಬಿದ್ದರೆ ಮೊಳೆಯಲಿಲ್ಲ. ಎಷ್ಟು ಸಲ ಬದಲಾಯಿಸಿದರೂ ಕೊನೆಗೆ ಬಿದ್ದ ಬೆಳಕೇ ನಿರ್ಣಾಯಕ. ಬೆಳಕಿಗೆ ತಕ್ಕಂತೆ ರೂಪ ಬದಲಿಸುವ ಈ ವರ್ಣದ್ರವ್ಯಕ್ಕೆ ಫೈಟೋಕ್ರೋಮ್ ಎಂದು ಹೆಸರಾಯಿತು. ಮರದ ಎಲೆಗಳು ಕೆಂಪನ್ನು ಹೀರಿಕೊಂಡು ಕಡುಗೆಂಪನ್ನು ಕೆಳಕ್ಕೆ ಬಿಡುವುದರಿಂದ, ಅಡಿಯಲ್ಲಿರುವ ಸಸಿಯು ತಾನು ಮತ್ತೊಂದು ಗಿಡದ ನೆರಳಿನಲ್ಲಿರುವುದನ್ನು ಫೈಟೋಕ್ರೋಮಿನಿಂದಲೇ ಅರಿಯುತ್ತದೆ. ಉಳುಮೆಯ ಬೆನ್ನಲ್ಲೇ ಕಳೆ ಎದ್ದು ಬರುವುದೇಕೆಂದು ರೈತರು ಕೇಳುವುದುಂಟು. ಮಣ್ಣು ಮಗುಚಿದಾಗ ಹೂತಿದ್ದ ಬೀಜಗಳಿಗೆ ಕ್ಷಣಮಾತ್ರ ಬೆಳಕು ತಗುಲುವುದೂ ಅದಕ್ಕೊಂದು ಕಾರಣ.

ಹೂ ಬಿಡುವ ಕಾಲವನ್ನು ಸಸ್ಯ ತಿಳಿಯುವುದು ಹೇಗೆ? ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಹೊಗೆಸೊಪ್ಪು, ಸೋಯಾ ಅವರೆಗಳನ್ನು ಪರೀಕ್ಷಿಸಿ, ಹಗಲಿನ ಉದ್ದವೇ ಇದಕ್ಕೆ ಕಾರಣವೆಂದರು. ವಾಸ್ತವವಾಗಿ ಇಂತಹ ಸಸ್ಯ ಅಳೆಯುವುದು ಇರುಳನ್ನು ಎಂಬುದು 1938ರ ಪ್ರಯೋಗಗಳಿಂದ ಸ್ಪಷ್ಟವಾಯಿತು. ದೀರ್ಘ ಇರುಳನ್ನು ನಡುವೆ ಸ್ವಲ್ಪ ಹೊತ್ತಿನ ಬೆಳಕಿನಿಂದ ತುಂಡರಿಸಿದರೆ, ಸಸ್ಯದ ಪಾಲಿಗೆ ಅದು ದೀರ್ಘ ಇರುಳಾಗಿ ಉಳಿಯುವುದಿಲ್ಲ. ಮುಂಬಯಿ ಸೀಮೆಯಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು ಸುಮಾರು 13 ಗಂಟೆ 15 ನಿಮಿಷ, ಡಿಸೆಂಬರಿನ ಅತಿ ಗಿಡ್ಡ ಹಗಲು ಸುಮಾರು 11 ಗಂಟೆ. ಬೆಂಗಳೂರಿನಲ್ಲಿ ಈ ಅಂತರ ಒಂದೂವರೆ ಗಂಟೆಯಷ್ಟೇ. ಇಷ್ಟು ಕಡಮೆ ವ್ಯತ್ಯಾಸವೂ ಸಸ್ಯದ ಅರಿವಿಗೆ ಬರುತ್ತದೆ.

ಇದನ್ನು ಕಸುಬಿನಲ್ಲಿ ಬಳಸಿಕೊಂಡವರು ಕರ್ನಾಟಕದ ಸೇವಂತಿಗೆ ಬೆಳೆಗಾರರು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಹೊಲದ ತುಂಬ ಬಲ್ಬು ಉರಿಯುವುದನ್ನು ನೋಡಿ ಮದುವೆಯ ದೀಪಾಲಂಕಾರವೆಂದುಕೊಂಡರೆ ಆಶ್ಚರ್ಯವಿಲ್ಲ. ಸೇವಂತಿಗೆ ಇರುಳು ದೀರ್ಘವಾದಾಗ ಮೊಗ್ಗು ಕಟ್ಟುವ ಗಿಡ. ಚಳಿಗಾಲದಲ್ಲಿ ನಾಟಿ ಮಾಡಿದರೆ, ಗೇಣುದ್ದ ಬೆಳೆಯುವ ಮುನ್ನವೇ ಮೊಗ್ಗು ಬಂದು ಇಳುವರಿ ಕೆಡುತ್ತದೆ. ಆದುದರಿಂದ ಮೊದಲ ಕೆಲವು ವಾರ ರಾತ್ರಿ ದೀಪವಿಟ್ಟು, ಗಿಡ ಎತ್ತರಕ್ಕೆ ಬಂದು ಕವಲೊಡೆದ ಮೇಲೆ ಆರಿಸುತ್ತಾರೆ. ಮೊಗ್ಗು ಮೂಡುವುದು ಆಗಲೇ. ಹೂ ಪೇಟೆಯ ಹಬ್ಬದ ದಿನಗಳಿಗೆ ತಪ್ಪದೆ ಸಿಗಬೇಕಾದರೆ ದೀಪ ಆರಿಸುವ ದಿನದ ಲೆಕ್ಕ ಸರಿಯಾಗಿರಬೇಕು. ಒಂದು ವಾರ ಹೆಚ್ಚುಕಡಮೆಯಾದರೂ ಬೆಲೆ ಬೇರೆ.

ಸೇವಂತಿಗೆ ವಿಜ್ಞಾನಕ್ಕೂ ನೆರವಾಗಿದೆ. ರಷ್ಯದ ಚೈಲಾಖ್ಯಾನ್ 1930ರ ದಶಕದಲ್ಲಿ ಈ ಗಿಡದ ಮೇಲೆಯೇ ಪ್ರಯೋಗ ಮಾಡಿ, ಇರುಳನ್ನು ಅರಿಯುವುದು ಎಲೆ, ಅದರ ಸಂದೇಶ ತಲುಪುವುದು ಕುಡಿಗೆ ಎಂದು ಕಂಡುಕೊಂಡನು. ಆ ಸಂದೇಶವಾಹಕ ಒಂದು ಪ್ರೋಟೀನೆಂದು 2007ರಲ್ಲಿ ಭತ್ತ ಮೊದಲಾದ ಸಸ್ಯಗಳಲ್ಲಿ ರುಜುವಾತಾಯಿತು.

ಬೆಳೆಗಾರ ಬೇಕೆಂದು ಉರಿಸುವ ದೀಪ ಮಾಡುವ ಕೆಲಸವನ್ನು ಬೀದಿದೀಪವು ಯಾರೂ ಬಯಸದೆಯೇ ಮಾಡಬಲ್ಲದು. ಬೀದಿದೀಪದ ಕೆಳಗಿನ ಸೋಯಾ ಅವರೆ, ಭತ್ತದ ಪೈರುಗಳಲ್ಲಿ ತೆನೆ, ಕಾಯಿ ತಡವಾಗುವುದು ಹಲವು ದೇಶಗಳಲ್ಲಿ ದಾಖಲಾಗಿದೆ. ಮಹಾಪೆಯಂತಹ ಕೈಗಾರಿಕಾ ಪ್ರದೇಶದಲ್ಲಿ ರಸ್ತೆ, ಕಾರ್ಖಾನೆಗಳ ದೀಪ ಇರುಳಿಡೀ ಉರಿಯುತ್ತದೆ. ಅಲ್ಲಿನ ಮನೆಯೊಂದರ ಗ್ಯಾಲರಿಯಲ್ಲಿ ಕುಂಡದ ಸೇವಂತಿಗೆ ಸೊಂಪಾಗಿ ಬೆಳೆದೂ ನವೆಂಬರಿನಲ್ಲಿ ಮೊಗ್ಗು ಬಿಡದಿದ್ದರೆ, ಗೊಬ್ಬರವನ್ನು ದೂರುವ ಮೊದಲು ರಾತ್ರಿ ಆ ಕುಂಡದ ಮೇಲೆ ಯಾವ ದೀಪ ಬೀಳುತ್ತಿದೆಯೆಂದು ನೋಡಬೇಕು. ಕುಂಡವನ್ನು ಕತ್ತಲಿರುವ ಬದಿಗೆ ಸರಿಸಬಹುದು. ಜಾಗವಿಲ್ಲದಿದ್ದರೆ ಸಂಜೆ ಆರಕ್ಕೆ ರಟ್ಟಿನ ಪೆಟ್ಟಿಗೆ ಬೋರಲು ಹಾಕಿ ಬೆಳಿಗ್ಗೆ ಏಳಕ್ಕೆ ತೆಗೆದರೂ ಸಾಕು. ಮೊಗ್ಗು ಚೆನ್ನಾಗಿ ಕಾಣಿಸಿಕೊಳ್ಳುವವರೆಗೆ, ಕೆಲವು ವಾರ, ಒಂದು ರಾತ್ರಿಯೂ ತಪ್ಪದಂತೆ ಹೀಗೆ ಮಾಡಬೇಕಾಗುತ್ತದೆ.